ಹಳೆಯ ಸ್ಪೋರ್ಟ್ಸ್ ಕಾರಿನ ಹೊಳಪು ಉಳಿಸಿಕೊಳ್ಳುವ ಬಗೆ: ಒಂದು ಬಕೆಟ್ ನೀರು ಸಾಕು

ಬೆಂಗಳೂರು: ಜಯನಗರಕ್ಕೆ ಅಂಟಿಕೊಂಡಿರುವ ತಿಲಕ್ ನಗರದ ಅಡ್ಡರಸ್ತೆಗಳಲ್ಲಿ ಬೆಳಗಿನ ಆರು ಗಂಟೆಗೆ ವಾಯುವಿಹಾರಕ್ಕೆ ಹೊರಟವರಿಗೆ ಈ ದೃಶ್ಯ ಹೊಸತಲ್ಲ. ಒಂದು ಕೈಯಲ್ಲಿ ಅರ್ಧ ಬಕೆಟ್ ನೀರು, ಇನ್ನೊಂದು ಕೈಯಲ್ಲಿ ಹಳೆಯ ಬನಿಯನ್ ತುಂಡು ಹಿಡಿದ ಹುಡುಗನೊಬ್ಬ ಸಾಲಾಗಿ ನಿಂತ ಕಾರುಗಳನ್ನು ಒಂದಾದ ಮೇಲೊಂದರಂತೆ ಒರೆಸುತ್ತಾ ಸಾಗುತ್ತಾನೆ. ಮೊದಲ ಕಾರಿನ ಧೂಳು ಎರಡನೆಯದಕ್ಕೆ, ಎರಡನೆಯದರದು ಮೂರನೆಯದಕ್ಕೆ. ಹತ್ತನೆಯ ಕಾರಿನ ಹೊತ್ತಿಗೆ ಬಕೆಟ್‌ನಲ್ಲಿ ಉಳಿಯುವುದು ತೆಳುವಾದ ಕೆಸರು ಮಾತ್ರ. ತಿಂಗಳ ಸಂಬಳಕ್ಕೆ ಹತ್ತಾರು ಕಾರುಗಳನ್ನು ಒಪ್ಪಿಕೊಂಡಿರುವ ಆ ಹುಡುಗನ ತಪ್ಪೇನೂ ಇದರಲ್ಲಿಲ್ಲ. ಆದರೆ ಆ ಸಾಲಿನ ಹತ್ತನೆಯ ಕಾರು ಯಾರೋ ಆಸೆಪಟ್ಟು, ಸಾಲ ಮಾಡಿ, ಎರಡನೆಯ ಒಡೆಯನಾಗಿ ಕೊಂಡ ಸ್ಪೋರ್ಟ್ಸ್ ಕಾರಾಗಿದ್ದರೆ? ಎಂಜಿನ್ ಇನ್ನೂ ಒಂದು ಲಕ್ಷ ಕಿಲೋಮೀಟರ್ ಓಡುವಷ್ಟು ಗಟ್ಟಿಯಾಗಿರಬಹುದು. ಬಣ್ಣ ಮಾತ್ರ ಎರಡೇ ವರ್ಷದಲ್ಲಿ ಕಳೆಗುಂದುತ್ತದೆ.

ಹೊಸದಾಗಿ ಕೊಳ್ಳಲು ಎಟುಕದ ಕಾರುಗಳು ಹತ್ತು ವರ್ಷ ಕಳೆದ ಮೇಲೆ ಮಧ್ಯಮ ವರ್ಗದ ಕೈಗೂ ಸಿಗುತ್ತವೆ ಎಂಬುದು ಬಳಸಿದ ಕಾರುಗಳ ಮಾರುಕಟ್ಟೆಯ ಆಕರ್ಷಣೆ. ಆಡಿ ಟಿಟಿ, ಬಿಎಂಡಬ್ಲ್ಯು ಜೆಡ್4, ಮರ್ಸಿಡಿಸ್ ಎಸ್‌ಎಲ್‌ಕೆ, ಪೋರ್ಷೆ ಬಾಕ್ಸ್‌ಸ್ಟರ್ ಇವೆಲ್ಲ ಈ ಪೈಕಿ ಪರಿಚಿತ ಹೆಸರುಗಳು. ಅಷ್ಟು ದೂರ ಹೋಗದವರಿಗೆ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ, ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಫಿಯಟ್ ಅಬಾರ್ತ್ ಪುಂಟೊ ಇವೆ. ನಮ್ಮದೇ ಊರಿನ ನಂಟುಳ್ಳ ಒಂದು ಹೆಸರನ್ನೂ ಇಲ್ಲಿ ನೆನೆಯಬೇಕು. ಬೆಂಗಳೂರಿನ ಸ್ಯಾನ್ ಸಮೂಹ ಕಳೆದ ಶತಮಾನದ ಕೊನೆಯಲ್ಲಿ ಹೊರತಂದ 'ಸ್ಯಾನ್ ಸ್ಟಾರ್ಮ್' ಎಂಬ ಎರಡು ಆಸನಗಳ, ತೆರೆದ ಛಾವಣಿಯ ಪುಟ್ಟ ಕಾರು ಅದು. ರೆನೋ ಎಂಜಿನ್, ಫೈಬರ್ ಗ್ಲಾಸ್ ಮೈ. ತುಕ್ಕು ಹಿಡಿಯದ ಮೈಯೇ ಅದರ ದೊಡ್ಡ ಗುಣ, ಸಣ್ಣ ಪೆಟ್ಟಿಗೂ ಜೇಡರ ಬಲೆಯಂತೆ ಬಿರುಕು ಬಿಡುವುದು ಅದರ ದೋಷ.

ಇಂತಹ ಕಾರುಗಳನ್ನು ಒಳಗೂ ಹೊರಗೂ ಅಚ್ಚುಕಟ್ಟಾಗಿ ಇಟ್ಟುಕೊಳ್ಳುವ ವಿಧಾನದ ಬಗ್ಗೆ ವಿದೇಶಿ ಕೈಪಿಡಿಗಳು ಹೇರಳವಾಗಿವೆ. ಅವುಗಳಲ್ಲಿ ಹಿಮಕ್ಕೆ ಎರಚುವ ಉಪ್ಪಿನ ಬಗ್ಗೆ ಪುಟಗಟ್ಟಲೆ ಇರುತ್ತದೆ. ನಮ್ಮ ಊರಿನ ಹೊಂಗೆಮರ, ಬೋರ್‌ವೆಲ್ ನೀರು, ಮೆಟ್ರೋ ಕಾಮಗಾರಿಯ ಧೂಳು, ಆಯುಧಪೂಜೆಯ ಅರಿಶಿನ ಇವುಗಳ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಕೊಳ್ಳುವಾಗಲೇ ಅರ್ಧ ಕೆಲಸ

ಮೊದಲೇ ಹಾಳಾದ ಕಾರನ್ನು ತೊಳೆದು ಚಂದಗಾಣಿಸಲು ಸಾಧ್ಯವಿಲ್ಲ. ಆದ್ದರಿಂದ ಕೊಳ್ಳುವ ದಿನದ ಪರೀಕ್ಷೆಯೇ ಆರೈಕೆಯ ಮೊದಲ ಹಂತ.

ಕಾರಿನ ಬಣ್ಣದಲ್ಲಿ ಹಲವು ಪದರಗಳಿರುತ್ತವೆ. ತಗಡಿನ ಮೇಲೆ ತುಕ್ಕುನಿರೋಧಕ ಲೇಪ, ಅದರ ಮೇಲೆ ಪ್ರೈಮರ್, ಅನಂತರ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಇವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿರುತ್ತವೆ. ಕ್ಲಿಯರ್ ಕೋಟ್ ಒಂದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ಕಡಿಮೆ. ಹೊಳಪು, ಬಿಸಿಲು ತಡೆಯುವ ಶಕ್ತಿ ಎರಡೂ ಈ ತೆಳುಪದರದಲ್ಲೇ ಅಡಗಿವೆ. ಬಣ್ಣದ ದಪ್ಪ ಅಳೆಯುವ ಅಂಗೈಯಗಲದ ಮಾಪಕ ಈಗ ಸುಲಭವಾಗಿ ಸಿಗುತ್ತದೆ. ಒಂದು ಬಾಗಿಲು 120 ತೋರಿಸಿ ಪಕ್ಕದ ಬಾಗಿಲು 300 ತೋರಿಸಿದರೆ ಆ ಬಾಗಿಲಿಗೆ ಮರುಬಣ್ಣ ಬಿದ್ದಿದೆ ಎಂದು ಅರ್ಥ. ಸಾವಿರ ದಾಟಿದರೆ ಅಡಿಯಲ್ಲಿ ಪುಟ್ಟಿ ತುಂಬಿದೆ. ಇದಕ್ಕೆ ವಿರುದ್ಧವಾಗಿ ಎಲ್ಲೆಡೆ 80ರ ಆಸುಪಾಸಿನಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಹಿಂದಿನ ಒಡೆಯ ಉಜ್ಜಿ ಉಜ್ಜಿ ಕ್ಲಿಯರ್ ಕೋಟನ್ನು ಸವೆಸಿರುವ ಸಾಧ್ಯತೆ ಇದೆ. ಮ್ಯಾಗ್ನೆಟ್ ಹಿಡಿದು ಪರೀಕ್ಷಿಸುವ ಹಳೆಯ ಉಪಾಯವನ್ನು ಸ್ಪೋರ್ಟ್ಸ್ ಕಾರುಗಳ ವಿಷಯದಲ್ಲಿ ನಂಬುವಂತಿಲ್ಲ. 2006ರಲ್ಲಿ ಬಂದ ಎರಡನೆಯ ಪೀಳಿಗೆಯ ಆಡಿ ಟಿಟಿಯ ಮುಂಭಾಗ ಬಹುಪಾಲು ಅಲ್ಯೂಮಿನಿಯಂ, ಹಿಂಭಾಗ ಉಕ್ಕು. ಮ್ಯಾಗ್ನೆಟ್ ಬಾನೆಟ್‌ಗೆ ಅಂಟದಿದ್ದರೆ ಅದು ಪುಟ್ಟಿಯ ಗುರುತಲ್ಲ.

2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಐಷಾರಾಮಿ ಕಾರುಗಳು ನೀರಿನಲ್ಲಿ ಮುಳುಗಿದ ಚಿತ್ರಗಳು ಓದುಗರಿಗೆ ನೆನಪಿರಬಹುದು. 2015ರಲ್ಲಿ ಚೆನ್ನೈನಲ್ಲಿ ಇದೇ ಆಗಿತ್ತು. ವಿಮಾ ಸಂಸ್ಥೆಗಳು ಕೈಬಿಟ್ಟ ಇಂತಹ ಕಾರುಗಳು ತೊಳೆದು, ಒಣಗಿಸಿ, ಸುಗಂಧ ಹಾಕಿಸಿಕೊಂಡು ಬೇರೆ ಊರಿನ ಮಾರುಕಟ್ಟೆಗೆ ಬರುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಸುರುಳಿಯೊಳಗೆ ಉಳಿದ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಬೇರೆ ಸಾಕ್ಷಿ ಬೇಡ. ಸೀಟಿನ ಕೆಳಗಿನ ಹಳಿ, ಬೋಲ್ಟುಗಳ ತುಕ್ಕು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯ ತೇವ ಇವನ್ನೂ ಗಮನಿಸಬೇಕು. ಒಳಗೆ ಅತಿಯಾದ ಸುವಾಸನೆ ಇದ್ದರೆ ಅದೂ ಅನುಮಾನಕ್ಕೆ ಕಾರಣವೇ.

ಹೊರರಾಜ್ಯದ ನೋಂದಣಿಯ ಕಾರಾದರೆ ಇನ್ನೊಂದು ಲೆಕ್ಕವೂ ಇದೆ. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ನಗರದಲ್ಲಿ ತೆರಿಗೆ ಕಟ್ಟದ 30 ದುಬಾರಿ ಕಾರುಗಳನ್ನು ವಶಪಡಿಸಿಕೊಂಡಿತ್ತು. ಅದೇ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದರ ಒಡೆಯರು 1.41 ಕೋಟಿ ರೂಪಾಯಿ ತೆರಿಗೆ ತೆರಬೇಕಾಯಿತು. ಹೊಳಪಿಗೆಂದು ತೆಗೆದಿಟ್ಟ ಹಣ ತೆರಿಗೆಗೆ ಹೋಗದಂತೆ ಕಾಗದಪತ್ರಗಳನ್ನು ಮೊದಲೇ ನೋಡಿಕೊಳ್ಳುವುದು ಲೇಸು.

ನೀರಿನ ಪ್ರಶ್ನೆ

2024ರ ಬೇಸಿಗೆಯನ್ನು ಬೆಂಗಳೂರಿಗರು ಬೇಗ ಮರೆಯಲಾರರು. ಆ ಮಾರ್ಚ್‌ನಲ್ಲಿ ಜಲಮಂಡಳಿಯು ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ನಿರ್ಮಾಣಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಕೆಲವೇ ದಿನಗಳಲ್ಲಿ 22 ಮನೆಗಳಿಂದ 1.1 ಲಕ್ಷ ರೂಪಾಯಿ ವಸೂಲಾಯಿತು. 2025ರ ಫೆಬ್ರವರಿಯಲ್ಲಿ ಅದೇ ಆದೇಶ ಮತ್ತೊಮ್ಮೆ ಹೊರಬಿತ್ತು. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿ ನೀರನ್ನು ಬಾನೆಟ್ ಮೇಲೆ ಸುರಿಯುವುದು ದಂಡವಿರಲಿ ಇಲ್ಲದಿರಲಿ, ಎಷ್ಟು ಸರಿ ಎಂಬುದನ್ನು ಓದುಗರೇ ಯೋಚಿಸಬಹುದು.

ಹಾಗಾದರೆ ಬೋರ್‌ವೆಲ್ ನೀರು? ನಗರದ ಅಂತರ್ಜಲ ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆರಿದ ಮೇಲೆ ಬಿಳಿ ಚುಕ್ಕೆಗಳಾಗಿ ಉಳಿಯುತ್ತವೆ. ಬಿಸಿಲಿನಲ್ಲಿ ಒಣಗಿದ ಇಂತಹ ಚುಕ್ಕೆ ಕ್ರಮೇಣ ಕ್ಲಿಯರ್ ಕೋಟನ್ನೇ ಕೊರೆಯುತ್ತದೆ. ಕಪ್ಪು, ಕಡುನೀಲಿ, ಕೆಂಪು ಬಣ್ಣದ ಕಾರುಗಳಲ್ಲಿ ಇದು ಸಿಡುಬಿನ ಕಲೆಯಂತೆ ಎದ್ದು ಕಾಣುತ್ತದೆ. ನೀರು ಉಳಿಸುವ ಸದುದ್ದೇಶದಿಂದ ಅನೇಕರು ಆರ್‌ಒ ಯಂತ್ರ ಹೊರಹಾಕುವ ನೀರನ್ನು ಹಿಡಿದಿಟ್ಟು ಕಾರು ತೊಳೆಯುತ್ತಾರೆ. ಶುದ್ಧೀಕರಣದಲ್ಲಿ ಬೇರ್ಪಟ್ಟ ಲವಣಗಳೆಲ್ಲ ಆ ನೀರಿನಲ್ಲೇ ಸಾಂದ್ರವಾಗಿ ಸೇರಿರುತ್ತವೆ. ನೆಲ ಒರೆಸಲು ಅದು ಅಡ್ಡಿಯಿಲ್ಲ, ಕಾರಿನ ಬಣ್ಣಕ್ಕೆ ಬೋರ್‌ವೆಲ್ ನೀರಿಗಿಂತಲೂ ಕೆಟ್ಟದ್ದು.

ಅತ್ಯುತ್ತಮವಾದ ನೀರು ಆಕಾಶದಿಂದಲೇ ಬರುತ್ತದೆ. ಮಳೆನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. ನಗರದಲ್ಲಿ 2009ರಿಂದ ಮಳೆನೀರು ಕೊಯ್ಲು ನಿಗದಿತ ಅಳತೆಯ ನಿವೇಶನಗಳಿಗೆ ಕಡ್ಡಾಯವಾಗಿದೆ. ಚಾವಣಿಯ ನೀರನ್ನು ಸೋಸಿ ಡ್ರಮ್ಮಿಗೆ ಹಿಡಿದಿಟ್ಟರೆ ಒಂದೊಳ್ಳೆಯ ಮಳೆಯಲ್ಲಿ ತಿಂಗಳ ತೊಳೆತಕ್ಕೆ ಸಾಕಾಗುವಷ್ಟು ಸಿಗುತ್ತದೆ. ಮನೆಯ ಏಸಿಯಿಂದ ತೊಟ್ಟಿಕ್ಕುವ ನೀರೂ ಬಹುತೇಕ ಲವಣರಹಿತ. ಬೇಸಿಗೆಯಲ್ಲಿ ಅದನ್ನು ಬಕೆಟ್‌ಗೆ ಹಿಡಿದಿಟ್ಟರೆ ಕೊನೆಯ ಬಾರಿ ಒರೆಸಲು ಒದಗುತ್ತದೆ.

ಇನ್ನು ಎಷ್ಟು ನೀರು ಬೇಕು ಎಂಬ ವಿಚಾರ. ನಿಮಿಷಕ್ಕೆ 10 ಲೀಟರ್ ಹರಿಸುವ ಪೈಪನ್ನು ಕಾಲು ಗಂಟೆ ಬಿಟ್ಟರೆ 150 ಲೀಟರ್ ಚರಂಡಿಗೆ ಹೋಗುತ್ತದೆ. ಜಾಲಿಸುವ ಅಗತ್ಯವಿಲ್ಲದ 'ರಿನ್ಸ್‌ಲೆಸ್' ಶಾಂಪೂ ಬಳಸಿದರೆ ಎಂಟು ಹತ್ತು ಲೀಟರಿನ ಒಂದೇ ಬಕೆಟ್‌ನಲ್ಲಿ ಇಡೀ ಕಾರು ಮುಗಿಯುತ್ತದೆ. ಈ ದ್ರಾವಣ ಧೂಳಿನ ಕಣಗಳನ್ನು ಸುತ್ತುವರಿದು ಜಾರಿಕೆ ಕೊಡುವುದರಿಂದ ಅವು ಬಣ್ಣವನ್ನು ಗೀರದೆ ಬಟ್ಟೆಗೆ ಸರಿಯುತ್ತವೆ. ಆದರೆ ಇದಕ್ಕೊಂದು ಶಿಸ್ತು ಬೇಕು. ಎಂಟು ಹತ್ತು ಮೈಕ್ರೋಫೈಬರ್ ಬಟ್ಟೆಗಳನ್ನು ಬಕೆಟ್‌ನಲ್ಲಿ ನೆನೆಹಾಕಬೇಕು. ಅದೇ ದ್ರಾವಣವನ್ನು ಸಣ್ಣ ಪಂಪಿನಿಂದ ಕಾರಿನ ಮೇಲೆ ಸಿಂಪಡಿಸಿ ಎರಡು ನಿಮಿಷ ಬಿಡಬೇಕು. ಅನಂತರ ಒಂದು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮೇಲ್ಛಾವಣಿಯಿಂದ ಆರಂಭಿಸಿ ಒಂದೇ ದಿಕ್ಕಿನಲ್ಲಿ, ಒತ್ತಡವಿಲ್ಲದೆ ಎಳೆಯಬೇಕು. ಪ್ರತಿ ಎಳೆತಕ್ಕೂ ಹೊಸ ಮಗ್ಗುಲು. ಬಟ್ಟೆ ಕೊಳೆಯಾದರೆ ಅದನ್ನು ಮತ್ತೆ ಬಕೆಟ್‌ಗೆ ಅದ್ದದೆ ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದುಕೊಳ್ಳಬೇಕು. ಇಡೀ ವಿಧಾನದ ಜೀವಾಳ ಈ ಕೊನೆಯ ಮಾತಿನಲ್ಲಿದೆ. ಬಕೆಟ್‌ನ ನೀರು ಕೊನೆಯವರೆಗೂ ತಿಳಿಯಾಗಿದ್ದರೆ ಕೆಲಸ ಸರಿಯಾಗಿದೆ ಎಂದು ತಿಳಿಯಬಹುದು. ಚಕ್ರಗಳಿಗೆ ಬಳಸಿದ ಬಟ್ಟೆ ಮುಂದೆಂದೂ ಬಾಗಿಲಿಗೆ ತಾಗಕೂಡದು, ಏಕೆಂದರೆ ಬ್ರೇಕ್ ಪ್ಯಾಡುಗಳಿಂದ ಉದುರುವ ಕಬ್ಬಿಣದ ಹುಡಿ ಅದರಲ್ಲಿ ಸೇರಿರುತ್ತದೆ.

ಮೈತುಂಬ ಕೆಸರು ಮೆತ್ತಿಕೊಂಡ ದಿನ ಮಾತ್ರ ಈ ವಿಧಾನ ನಡೆಯದು. ಮಳೆಗಾಲದಲ್ಲಿ ಚಕ್ರದ ಕಮಾನು, ಬಾಗಿಲಿನ ಕೆಳಅಂಚುಗಳಿಗೆ ಮೆತ್ತಿದ ಮಣ್ಣನ್ನು ನೀರಿನ ಒತ್ತಡದಿಂದಲೇ ಬಿಡಿಸಬೇಕು. ಸಂಸ್ಕರಿಸಿದ ನೀರು ಬಳಸುವ ತೊಳೆಯುವ ಕೇಂದ್ರಕ್ಕೆ ಅಂದು ಹೋಗುವುದು ಸೂಕ್ತ. ಅಲ್ಲಿಯೂ ನೊರೆ ಮತ್ತು ಒತ್ತಡದ ನೀರಿಗಷ್ಟೇ ಒಪ್ಪಿ, ಎಲ್ಲರ ಕಾರಿಗೂ ಬಳಸುವ ಸ್ಪಂಜು ಬೇಡವೆಂದು ಹೇಳಿ, ಒರೆಸುವ ಕೆಲಸವನ್ನು ತಾವೇ ಇಟ್ಟುಕೊಳ್ಳಬೇಕು. ಪಾತ್ರೆ ತೊಳೆಯುವ ಪುಡಿ, ಸಾಬೂನು, ಬಟ್ಟೆ ಒಗೆಯುವ ಡಿಟರ್ಜೆಂಟ್ ಯಾವುದೂ ಸಲ್ಲದು. ಅವು ಜಿಡ್ಡಿನೊಂದಿಗೆ ವ್ಯಾಕ್ಸನ್ನೂ ತೆಗೆದುಹಾಕುತ್ತವೆ.

ಬೆಳಗಿನ ಹುಡುಗನ ವಿಷಯಕ್ಕೆ ಬರುವುದಾದರೆ, ಅವನ ಸಂಬಳ ನಿಲ್ಲಿಸಬೇಕಾಗಿಲ್ಲ. ಗಾಜು, ಚಕ್ರ, ಕಾಲುಮ್ಯಾಟುಗಳನ್ನು ಅವನಿಗೆ ಬಿಟ್ಟು, ಬಣ್ಣದ ಭಾಗ ಮುಟ್ಟಬೇಡವೆಂದು ಹೇಳಿದರೆ ಸಾಕು. ಒಣ ಧೂಳನ್ನು ಒಣ ಬಟ್ಟೆಯಿಂದ ಒರೆಸುವುದೇ ಎಲ್ಲಕ್ಕಿಂತ ದೊಡ್ಡ ಅಪಚಾರ. ಈ ವರದಿಗಾರನ ಹಳೆಯ ಕಾರಿನ ಬಾನೆಟ್ ಮೇಲೆ ಬಿಸಿಲು ಬಿದ್ದಾಗ ಕಾಣುವ ಸಾವಿರಾರು ವೃತ್ತಾಕಾರದ ಗೀರುಗಳಿಗೆ ಬೇರಾರೂ ಹೊಣೆಯಲ್ಲ. ಮೂರು ವರ್ಷ ಪ್ರತಿದಿನ ಕಚೇರಿಗೆ ಹೊರಡುವ ಮುನ್ನ ಹಳದಿ ಬಟ್ಟೆಯಿಂದ ಕೊಡವಿದ್ದರ ಫಲ ಅದು.

ನೆರಳೂ ಶತ್ರು, ಬಿಸಿಲೂ ಶತ್ರು

ದಕ್ಷಿಣ ಬೆಂಗಳೂರಿನ ಹೆಮ್ಮೆ ಅಲ್ಲಿನ ಸಾಲುಮರಗಳು. ಕಾರಿನ ಮಟ್ಟಿಗೆ ಪ್ರತಿಯೊಂದು ಮರಕ್ಕೂ ತನ್ನದೇ ಸ್ವಭಾವವಿದೆ. ಹೊಂಗೆ ಬೇಸಿಗೆಯ ಆರಂಭದಲ್ಲಿ ಎಲೆ, ಅನಂತರ ಹೂವು ಉದುರಿಸುತ್ತದೆ. ಮಳೆಮರದ ಕಾಯಿ ಅಂಟಂಟು. ಜೂನ್, ಜುಲೈನಲ್ಲಿ ನೇರಳೆ ಮರದ ಕೆಳಗೆ ನಿಂತ ಬಿಳಿ ಕಾರಿನ ಗತಿ ಹೇಳಬೇಕಾಗಿಲ್ಲ. ಗಸಗಸೆ ಹಣ್ಣಿನ ಮರವಿದ್ದರಂತೂ ಹಗಲು ಹಕ್ಕಿಗಳು, ರಾತ್ರಿ ಬಾವಲಿಗಳು ಬಂದು ಉಂಡುಹೋಗುತ್ತವೆ. ಅವುಗಳ ಹಿಕ್ಕೆಯ ಆಮ್ಲೀಯ ಅಂಶ ಬಿಸಿಲಿನಲ್ಲಿ ಮೃದುವಾದ ಕ್ಲಿಯರ್ ಕೋಟಿಗೆ ಇಳಿದು, ಸಂಜೆ ತಂಪಾಗುವಾಗ ಬಣ್ಣ ಕುಗ್ಗಿ ಅಲ್ಲಿಯೇ ಅಚ್ಚೊತ್ತುತ್ತದೆ. ಕೆಲವು ಗಂಟೆಗಳೊಳಗೆ ತೆಗೆಯುವುದು ಅವಶ್ಯ. ಉಗುರಿನಿಂದ ಕೆರೆಯದೆ, ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲೆ ಹೊದಿಸಿ, ನೆನೆದ ಮೇಲೆ ಎತ್ತಬೇಕು. ಡಿಕ್ಕಿಯಲ್ಲಿ ಒಂದು ನೀರಿನ ಬಾಟಲಿ, ಎರಡು ಮೈಕ್ರೋಫೈಬರ್ ಬಟ್ಟೆ ಸದಾ ಇರುವುದು ಒಳ್ಳೆಯದು.

ಧೂಳಿನಲ್ಲಿಯೂ ಬಗೆಗಳಿವೆ. ತಿಲಕ್ ನಗರದವರು ಈ ಪಾಠವನ್ನು ವರ್ಷಗಟ್ಟಲೆ ಕಲಿತಿದ್ದಾರೆ. 2020ರಲ್ಲಿ ಜಯದೇವ ಮೇಲ್ಸೇತುವೆ ಕೆಡವಿದಂದಿನಿಂದ 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಮಾರ್ಗ ಸಂಚಾರಕ್ಕೆ ತೆರೆದುಕೊಳ್ಳುವವರೆಗೆ ಬನ್ನೇರುಘಟ್ಟ ರಸ್ತೆಯ ಆ ಕೂಡುಸ್ಥಳದಲ್ಲಿ ಸಿಮೆಂಟಿನ ಹುಡಿ ಹಾರಾಡುತ್ತಲೇ ಇತ್ತು. ಸಾಮಾನ್ಯ ಮಣ್ಣಿನ ಧೂಳು ಬಣ್ಣವನ್ನು ಗೀರುವುದಷ್ಟೇ. ಸಿಮೆಂಟ್ ಹುಡಿ ಕ್ಷಾರೀಯ. ಇಬ್ಬನಿ ಅಥವಾ ತುಂತುರು ಬಿದ್ದೊಡನೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಕಾಮಗಾರಿ ನಡೆಯುವ ಕಡೆ ನಿಲ್ಲಿಸುವುದು ಅನಿವಾರ್ಯವಾದರೆ ಅದೇ ದಿನ ಧಾರಾಳವಾಗಿ ಸಿಂಪಡಿಸಿ ಹರಿಸಿಬಿಡಬೇಕು, ಒರೆಸುವ ಮಾತು ಆಮೇಲೆ.

ಹಾಗಾದರೆ ಹೊದಿಕೆ ಹಾಕಿಬಿಡೋಣವೆಂದರೆ ಅದೂ ಅರ್ಧ ಸತ್ಯ. ತೆರೆದ ಬೀದಿಯಲ್ಲಿ ಗಾಳಿಗೆ ಅಲುಗಾಡುವ ಹೊದಿಕೆ ತನ್ನಡಿಯ ಧೂಳಿನಿಂದಲೇ ಅಂಚುಗಳನ್ನು ಉಜ್ಜುತ್ತದೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ಹಬೆ ಕಟ್ಟುತ್ತದೆ. ಹೊದಿಕೆ ಇರುವುದು ಛಾವಣಿಯಡಿ ನಿಲ್ಲುವ, ತೊಳೆದು ಒಣಗಿಸಿದ ಕಾರಿಗೆ, ಅದೂ ಉಸಿರಾಡುವ ಬಟ್ಟೆಯದಾದರೆ ಮಾತ್ರ.

'ರಬ್ಬಿಂಗ್' ಎಂಬ ಮೋಹ

ಬಣ್ಣ ಮಂಕಾದೊಡನೆ ಬೀದಿಬದಿಯ ಗ್ಯಾರೇಜುಗಳಲ್ಲಿ ಕೇಳಿಬರುವ ಸಲಹೆ ಒಂದೇ: ರಬ್ಬಿಂಗ್ ಪಾಲಿಶ್. ಎರಡು ಗಂಟೆಯಲ್ಲಿ ಕಾರು ಕನ್ನಡಿಯಾಗುತ್ತದೆ. ಗೀರು ಮಾಯವಾದದ್ದು ಹೇಗೆ? ಗೀರಿನ ಆಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೇ ಅರೆದು ತೆಗೆದದ್ದರಿಂದ. ಪ್ರತಿ ಬಾರಿಯೂ ಕೆಲವು ಮೈಕ್ರಾನ್ ಹೋಗುತ್ತದೆ, ಒರಟು ಕಾಂಪೌಂಡ್ ಆದರೆ ಇನ್ನೂ ಹೆಚ್ಚು. 45 ಮೈಕ್ರಾನಿನ ಬಂಡವಾಳದಲ್ಲಿ ಆರು ತಿಂಗಳಿಗೊಮ್ಮೆ ಹೀಗೆ ಖರ್ಚು ಮಾಡುತ್ತಾ ಹೋದರೆ ಕೆಲವೇ ವರ್ಷಗಳಲ್ಲಿ ಬಾನೆಟ್, ಛಾವಣಿಗಳ ಮೇಲೆ ಬಿಳಿಚಿದ, ಸಿಪ್ಪೆ ಸುಲಿಯುವ ತೇಪೆಗಳು ಏಳುತ್ತವೆ. ಮರುಬಣ್ಣವೊಂದೇ ಅದಕ್ಕೆ ಮದ್ದು. ಮರುಬಣ್ಣ ಬಿದ್ದ ಸ್ಪೋರ್ಟ್ಸ್ ಕಾರಿಗೆ ಮಾರಾಟದ ವೇಳೆ ಬೆಲೆ ಇಳಿಯುವುದು ನಿಶ್ಚಿತ.

ಕೊಂಡ ಹೊಸತರಲ್ಲಿ ಒಮ್ಮೆ, ದಪ್ಪ ಅಳೆದು ನೋಡಿ, ನವಿರಾದ ಪಾಲಿಶ್ ಮಾಡಿಸುವುದರಲ್ಲಿ ತಪ್ಪಿಲ್ಲ. ಅದಕ್ಕೆ ಮುನ್ನ ಕ್ಲೇ ಬಾರ್ ಎಂಬ ಜೇಡಿಯಂತಹ ಉಂಡೆಯಿಂದ ಜಾರಿಸಿ, ಮೇಲ್ಮೈಗೆ ಕಚ್ಚಿದ ಕಣಗಳನ್ನು ಎತ್ತಬೇಕು. ಆಮೇಲಿನ ಜಾಣತನವೆಲ್ಲ ರಕ್ಷಣೆಯಲ್ಲಿದೆ. ವ್ಯಾಕ್ಸ್ ಅಗ್ಗ, ಆದರೆ ನಮ್ಮ ಬಿಸಿಲು ಮಳೆಗೆ ಒಂದೆರಡು ತಿಂಗಳಿಗೆ ಕರಗುತ್ತದೆ. ಸೆರಾಮಿಕ್ ಲೇಪ ವರ್ಷಗಟ್ಟಲೆ ನಿಲ್ಲುತ್ತದೆ, ನೀರನ್ನೂ ಕೊಳೆಯನ್ನೂ ಸುಲಭವಾಗಿ ಬಿಟ್ಟುಕೊಡುತ್ತದೆ. ಆದರೆ ಗೀರು ತಡೆಯುತ್ತದೆಂಬ ಜಾಹೀರಾತಿನ ಮಾತನ್ನು ಪೂರ್ತಿ ನಂಬಬೇಕಿಲ್ಲ, ಗಡಸು ನೀರಿನ ಚುಕ್ಕೆಗಳು ಅದರ ಮೇಲೂ ಏಳುತ್ತವೆ. ಕಲ್ಲು ಸಿಡಿತವನ್ನು ನಿಜವಾಗಿ ತಡೆಯುವುದು ಪಿಪಿಎಫ್ ಎಂದು ಕರೆಯುವ ಪಾರದರ್ಶಕ ಪಾಲಿಯುರಥೇನ್ ಹಾಳೆ. ಇಡೀ ಕಾರಿಗೆ ಹಾಕಿಸಿದರೆ ವೆಚ್ಚ ಲಕ್ಷ ರೂಪಾಯಿ ದಾಟುತ್ತದೆ. ಮುಂದಿನ ಬಂಪರ್, ಬಾನೆಟ್‌ನ ಮುಂಗೋರೆ, ಕನ್ನಡಿಗಳ ಬೆನ್ನು, ಹಿಂದಿನ ಚಕ್ರದ ಮುಂಭಾಗ ಇಷ್ಟಕ್ಕೆ ಹಾಕಿಸಿದರೆ ಹಣವೂ ಉಳಿಯುತ್ತದೆ, ಪೆಟ್ಟು ಬೀಳುವ ಜಾಗವೂ ಉಳಿಯುತ್ತದೆ. ಆದರೆ ಮರುಬಣ್ಣ ಬಿದ್ದ ಭಾಗದಿಂದ ಈ ಹಾಳೆಯನ್ನು ಮುಂದೆ ಕೀಳುವಾಗ ಬಣ್ಣವೂ ಕಿತ್ತುಬರುವ ಅಪಾಯವಿದೆ.

ನೆಲಕ್ಕಂಟಿದಂತಿರುವ ಮುಂದಿನ ತುಟಿಗೆ ಯಾವ ಲೇಪವೂ ರಕ್ಷಣೆಯಲ್ಲ. ಬಡಾವಣೆಯ ಹಂಪುಗಳನ್ನು ಓರೆಯಾಗಿ, ಒಂದೊಂದೇ ಚಕ್ರ ಏರುವಂತೆ ದಾಟುವುದೊಂದೇ ದಾರಿ. ಹಿಂದಿನವರು ಹಾರ್ನ್ ಒತ್ತಿದರೆ ಒತ್ತಲಿ.

ಮಡಚುವ ಛಾವಣಿಯವರಿಗೆ

ಜೆಡ್4, ಬಾಕ್ಸ್‌ಸ್ಟರ್‌ನಂತಹ ತೆರೆದ ಕಾರುಗಳನ್ನು ಕೊಂಡವರು ಹೊಂಗೆ ಎಲೆಯ ಬಗ್ಗೆ ವಿಶೇಷವಾಗಿ ಭಯಪಡಬೇಕು. ಛಾವಣಿಯ ಮೇಲೆ ಬಿದ್ದ ನೀರು ಹಿಂಬದಿಯ ಸಣ್ಣ ಕೊಳವೆಗಳ ಮೂಲಕ ನೆಲಕ್ಕಿಳಿಯುತ್ತದೆ. ಕೊಳೆತ ಎಲೆ ಅವನ್ನು ಮುಚ್ಚಿದರೆ ನೀರು ಒಳಗೆ ನಿಲ್ಲುತ್ತದೆ. 2003ರಿಂದ 2008ರವರೆಗಿನ ಬಟ್ಟೆ ಛಾವಣಿಯ ಜೆಡ್4ನಲ್ಲಿ ಛಾವಣಿ ಎತ್ತುವ ಹೈಡ್ರಾಲಿಕ್ ಪಂಪಿನ ಮೋಟಾರು ಕುಳಿತಿರುವುದೇ ಇಂತಹ ನೀರು ತುಂಬುವ ತಗ್ಗಿನಲ್ಲಿ. ಹಳೆಯ ಬಾಕ್ಸ್‌ಸ್ಟರ್‌ನಲ್ಲಿ ಇಮೊಬಿಲೈಸರ್ ಘಟಕ ಚಾಲಕನ ಸೀಟಿನ ಕೆಳಗಿದೆ. ಕಾರ್ಪೆಟ್ ನೆನೆದರೆ ಕಾರು ಚಾಲೂ ಆಗುವುದೇ ಇಲ್ಲ. ಒಂದು ಹಿಡಿ ಎಲೆಯಿಂದ ಲಕ್ಷಾಂತರ ರೂಪಾಯಿಯ ಕಾರು ಮೂಲೆ ಸೇರಿದ ಕಥೆಗಳು ಈ ಕಾರುಗಳ ಒಡೆಯರಲ್ಲಿ ಲೋಕದೆಲ್ಲೆಡೆ ಸಾಮಾನ್ಯ.

ಬೆಂಗಳೂರಿನಲ್ಲಿ ಮೇ ತಿಂಗಳ ಮುಂಗಾರುಪೂರ್ವ ಮಳೆಗೆ ಮುನ್ನ ಒಮ್ಮೆ, ಸೆಪ್ಟೆಂಬರ್ ಅಕ್ಟೋಬರ್ ಮಳೆಗೆ ಮುನ್ನ ಇನ್ನೊಮ್ಮೆ ಈ ಕೊಳವೆಗಳನ್ನು ಪರೀಕ್ಷಿಸಬೇಕು. ಒಂದು ಲೋಟ ನೀರನ್ನು ನಿಧಾನವಾಗಿ ಹೊಯ್ದು ಚಕ್ರದ ಹಿಂದೆ ಹನಿಯುವುದನ್ನು ನೋಡಿದರಾಯಿತು. ಕಟ್ಟಿಕೊಂಡಿದ್ದರೆ ಮೃದುವಾದ ನೈಲಾನ್ ತಂತಿ ಬಳಸಬೇಕು. ಉಕ್ಕಿನ ತಂತಿ ತೂರಿಸಿದರೆ ಕೊಳವೆ ಒಳಗೇ ಹರಿಯಬಹುದು. ಸನ್‌ರೂಫ್ ಇರುವ ಕಾರುಗಳಿಗೂ ಇದು ಅನ್ವಯಿಸುತ್ತದೆ. ಬಟ್ಟೆಯ ಛಾವಣಿಯನ್ನು ಒದ್ದೆಯಿರುವಾಗ ಮಡಚಿಡುವುದು ಬೂಷ್ಟಿಗೆ ಆಹ್ವಾನ.

ಒಳಾಂಗಣ

ಸ್ಪೋರ್ಟ್ಸ್ ಕಾರಿನ ವಯಸ್ಸನ್ನು ಮೀಟರ್ ಮುಚ್ಚಿಡಬಹುದು, ಚಾಲಕನ ಸೀಟಿನ ಬಲ ಅಂಚು ಮುಚ್ಚಿಡಲಾರದು. ಕೆಳಗೆ ಕುಳಿತಿರುವ ಕಾರಿಗೆ ಹತ್ತಿ ಇಳಿಯುವಾಗಲೆಲ್ಲ ಜೀನ್ಸ್ ಪ್ಯಾಂಟು ಉಜ್ಜುವುದು ಆ ಉಬ್ಬಿನ ಮೇಲೆಯೇ. ಇಂದಿನ ಕಾರುಗಳ ಚರ್ಮಕ್ಕೆ ಬಣ್ಣದ ಮೇಲೆ ತೆಳುವಾದ ಪಾಲಿಯುರಥೇನ್ ಪದರವಿರುತ್ತದೆ. ಕೊಬ್ಬರಿ ಎಣ್ಣೆ ಸವರಿದರೆ ಅದು ಒಳಗಿಳಿಯದೆ ಮೇಲೆಯೇ ನಿಂತು ಧೂಳು ಹಿಡಿಯುತ್ತದೆ, ಹೊಲಿಗೆಯ ದಾರವನ್ನು ಕಪ್ಪಾಗಿಸುತ್ತದೆ. ತಿಂಗಳಿಗೊಮ್ಮೆ ಚರ್ಮದ ಕ್ಲೀನರನ್ನು ಮೃದು ಬ್ರಷ್ಷಿಗೆ ಹಾಕಿ ನೊರೆ ಬರಿಸಿ, ಒದ್ದೆ ಬಟ್ಟೆಯಿಂದ ಎತ್ತಿದರೆ ಸಾಕು. ಕೊಳೆಯೊಂದಿಗೆ ಬೆವರಿನ ಉಪ್ಪೂ ಹೋಗಬೇಕು, ಸವೆತಕ್ಕೆ ಅದೂ ಕಾರಣ. ಅಲ್ಕಾಂಟರಾ ಬಟ್ಟೆಯ ಸ್ಟಿಯರಿಂಗ್ ಅಥವಾ ಸೀಟಿಗೆ ಎಣ್ಣೆ, ಕ್ರೀಮು ಯಾವುದೂ ಬೇಡ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮೃದು ಬ್ರಷ್ಷಿನಿಂದ ಎಳೆ ಎಬ್ಬಿಸಬೇಕು. ಕೈಗೆ ಸ್ಯಾನಿಟೈಸರ್ ಹಚ್ಚಿ ಆರುವ ಮುನ್ನ ಸ್ಟಿಯರಿಂಗ್ ಹಿಡಿಯುವ, ಕೊರೊನಾ ಕಾಲದಲ್ಲಿ ಅಂಟಿದ ಅಭ್ಯಾಸ ಅನೇಕ ಕಾರುಗಳ ಚರ್ಮದ ಮೇಲ್ಪದರವನ್ನು ಕಿತ್ತಿದೆ.

ಸವೆದ ಸೀಟಿಗೆ ಮುಸುಕು ಹಾಕಿಸಲು ಜೆ.ಸಿ. ರಸ್ತೆಗೆ ಹೋಗುವ ಮುನ್ನ ಒಂದು ಎಚ್ಚರಿಕೆ. ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಇರುವುದು ಸೀಟಿನ ಅಂಚಿನಲ್ಲೇ. ಬಿಗಿಯಾದ ಕವರ್ ಹೊಲಿಸಿದರೆ ಅಪಘಾತದ ಕ್ಷಣದಲ್ಲಿ ಅದು ಬಿಚ್ಚಿಕೊಳ್ಳಲಾರದು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಚೀಟಿ ಇದ್ದರೆ ಕವರ್ ವಿಚಾರ ಬಿಟ್ಟು, ಚರ್ಮಕ್ಕೆ ಮರುಬಣ್ಣ ಹಾಕುವವರನ್ನು ಹುಡುಕಬೇಕು. ಡ್ಯಾಶ್‌ಬೋರ್ಡಿನ ಮೇಲೆ ಗಣಪತಿಯನ್ನು ಅಂಟಿಸುವವರೂ ಏರ್‌ಬ್ಯಾಗ್ ಮುಚ್ಚಳದ ಗೆರೆ ಎಲ್ಲಿದೆ ಎಂದು ನೋಡಿಕೊಳ್ಳುವುದು ಅಗತ್ಯ.

ಯುರೋಪಿನ ಹಳೆಯ ಕಾರುಗಳಲ್ಲಿ ಗುಂಡಿಗಳು ಬೆಲ್ಲದ ಪಾಕದಂತೆ ಅಂಟಂಟಾಗುವುದು ಇನ್ನೊಂದು ಸಾಮಾನ್ಯ ದೂರು. ಮೆತ್ತಗಿನ ಸ್ಪರ್ಶಕ್ಕೆಂದು ಬಳಿದ ರಬ್ಬರ್ ಲೇಪ ಬಿಸಿಲು, ತೇವ, ಕೈಯ ಜಿಡ್ಡಿಗೆ ಕೊಳೆತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲನ್ನು ಬಟ್ಟೆಗೆ ಹಚ್ಚಿ ತಾಳ್ಮೆಯಿಂದ ಒರೆಸಿದರೆ ಲೇಪ ಬಿಟ್ಟು ಅಡಿಯ ಪ್ಲಾಸ್ಟಿಕ್ ಕಾಣುತ್ತದೆ. ಗುಂಡಿಯ ಮೇಲಿನ ಚಿಹ್ನೆ ಅಳಿಸದಂತೆ ಮೊದಲು ಮರೆಯ ಜಾಗದಲ್ಲಿ ಪ್ರಯೋಗಿಸಬೇಕು. ಡ್ಯಾಶ್‌ಬೋರ್ಡಿಗೆ ಎಣ್ಣೆ ಸುರಿದಂತೆ ಮಿಂಚಿಸುವ ಸಿಲಿಕೋನ್ ಪಾಲಿಶ್ ಬೇಡ. ಅದು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಕಣ್ಣಿಗೆ ಚುಚ್ಚುತ್ತದೆ.

ಬಿಸಿಲಿನಿಂದ ಒಳಾಂಗಣ ಕಾಯಲು ಕಪ್ಪು ಫಿಲ್ಮ್ ಅಂಟಿಸುವ ಆಲೋಚನೆ ಬಂದರೆ 2012ರ ಸುಪ್ರೀಂ ಕೋರ್ಟ್ ಆದೇಶ ನೆನಪಿರಲಿ. ಮುಂದಿನ, ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದ ಗಾಜುಗಳಲ್ಲಿ ಶೇ 50ರಷ್ಟಾದರೂ ಬೆಳಕು ದಾಟಬೇಕೆಂಬುದು ನಿಯಮ. ನಿಲ್ಲಿಸಿದಾಗ ಗಾಜಿನೊಳಗೆ ಮಡಚುವ ಬೆಳ್ಳಿಬಣ್ಣದ ಪರದೆ ಇಡುವುದು ಅಗ್ಗದ, ಕಾನೂನಿನ ತೊಡಕಿಲ್ಲದ ಉಪಾಯ.

ಮುಗ್ಗಲು ವಾಸನೆಗೆ ಅಗರಬತ್ತಿ, ಕರ್ಪೂರ, ಜೆಲ್ ಸುಗಂಧ ಯಾವುದೂ ಪರಿಹಾರವಲ್ಲ. ವಾಸನೆ ಬರುವುದು ಏಸಿಯ ಒದ್ದೆಯಾದ ಎವಾಪರೇಟರಿನಲ್ಲಿ ಬೆಳೆದ ಬೂಷ್ಟಿನಿಂದ. ಮನೆ ತಲುಪಲು ಮೂರ್ನಾಲ್ಕು ನಿಮಿಷ ಇರುವಾಗ ಏಸಿ ಆರಿಸಿ ಫ್ಯಾನ್ ಮಾತ್ರ ಓಡಿಸಿದರೆ ಅದು ಒಣಗುತ್ತದೆ. ಕ್ಯಾಬಿನ್ ಫಿಲ್ಟರನ್ನು ಧೂಳಿನ ಈ ಊರಿನಲ್ಲಿ ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು.

ನಿಂತಲ್ಲೇ ನಿಂತರೆ

ಅಪರೂಪದ ಕಾರೆಂದು ಓಡಿಸದೆ ಇಡುವುದು ಎಲ್ಲಕ್ಕಿಂತ ದುಬಾರಿ ಪ್ರೀತಿ. ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ, ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ. ಅದಕ್ಕಿಂತ ಮುಖ್ಯವಾಗಿ ಇಲಿಗಳು ವಾಸಕ್ಕೆ ಬರುತ್ತವೆ. ಚರಂಡಿಯ ಪಕ್ಕ ವಾರಗಟ್ಟಲೆ ನಿಂತ ಕಾರಿನ ವೈರುಗಳನ್ನು ಅವು ಕಡಿದು ಹಾಕಿದರೆ ದುರಸ್ತಿ ವೆಚ್ಚ ಬಣ್ಣದ ಖರ್ಚನ್ನೂ ಮೀರುತ್ತದೆ. ಸೀಟಿನ ಸಂದಿಯಲ್ಲಿ ಬಿದ್ದ ಕಡಲೆಕಾಯಿ, ಬಿಸ್ಕತ್ತಿನ ಚೂರುಗಳೇ ಅವಕ್ಕೆ ಆಮಂತ್ರಣ ಪತ್ರಿಕೆ. ವಾರಕ್ಕೊಮ್ಮೆ, ಎಂಜಿನ್ ಪೂರ್ತಿ ಬಿಸಿಯಾಗುವಂತೆ ಇಪ್ಪತ್ತು ಕಿಲೋಮೀಟರ್ ಓಡಿಸಿದರೆ ಇವುಗಳಲ್ಲಿ ಬಹುಪಾಲು ತೊಂದರೆ ತಪ್ಪುತ್ತದೆ. ತೊಳೆದ ದಿನವಂತೂ ಒಂದು ಸುತ್ತು ಹೋಗಿಬಂದೇ ನಿಲ್ಲಿಸಬೇಕು, ಬ್ರೇಕ್ ಡಿಸ್ಕಿನ ಮೇಲಿನ ನೀರು ಆರಲೆಂದು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಿ. 3219 ಎಂದಿದ್ದರೆ ಅದು 2019ರ 32ನೇ ವಾರದಲ್ಲಿ ತಯಾರಾದದ್ದು. ಗುಂಡಿ ಎಷ್ಟೇ ಆಳವಾಗಿದ್ದರೂ ಅಷ್ಟು ಹಳೆಯ ರಬ್ಬರನ್ನು ವೇಗದ ಕಾರಿನಲ್ಲಿ ನೆಚ್ಚಬಾರದು.

ವರ್ಷಕ್ಕೊಮ್ಮೆ ಬರುವ ಪರೀಕ್ಷೆ

ಆಯುಧಪೂಜೆಯ ದಿನ ಕಾರಿಗೆ ಪೂಜೆ ಬೇಡವೆಂದು ಮನೆಯ ಹಿರಿಯರಿಗೆ ಹೇಳುವ ಧೈರ್ಯ ಯಾರಿಗೂ ಇರದು, ಹೇಳಬೇಕಾದ್ದೂ ಇಲ್ಲ. ಆದರೆ ಬಾನೆಟ್ ಮೇಲೆ ಬೆರಳಿನಿಂದ ಎಳೆದ ವಿಭೂತಿ, ತಂತಿ ಸುತ್ತಿದ ಚೆಂಡುಹೂವಿನ ಹಾರ, ಕನ್ನಡಿಗೆ ಬಿಗಿದ ಬಾಳೆಕಂದು ಇವು ಒಂದೇ ದಿನದಲ್ಲಿ ಇಡೀ ವರ್ಷದ ಗೀರುಗಳನ್ನು ಕೊಡಬಲ್ಲವು. ಬಾಳೆಕಂದಿನ ರಸದ ಕಲೆ ಬಟ್ಟೆಗಷ್ಟೇ ಅಲ್ಲ, ರಬ್ಬರಿನ ಅಂಚಿಗೂ ಹತ್ತುತ್ತದೆ. ಅರಿಶಿನ ಕುಂಕುಮವನ್ನು ನಂಬರ್ ಪ್ಲೇಟಿನ ಮೇಲೆ, ಮುಂದಿನ ಗಾಜಿನ ಮೇಲೆ ಇಡಿಸಬಹುದು. ಗಾಜಿಗೆ ಏನೂ ಆಗದು. ಹಾರವನ್ನು ದಾರದಲ್ಲೇ ಕಟ್ಟಿಸಿ, ಬಾನೆಟ್ ಮೇಲೆ ಮೊದಲು ಒಂದು ರೇಷ್ಮೆ ಶಲ್ಯ ಹಾಸಿದರೆ ಪೂಜೆಗೂ ಶೋಭೆ. ಕುಂಬಳಕಾಯಿಯನ್ನು ಕಾರಿನಿಂದ ನಾಲ್ಕು ಮಾರು ದೂರದಲ್ಲಿ ಒಡೆದು, ಚೂರುಗಳನ್ನು ಕೂಡಲೇ ರಸ್ತೆಯಿಂದ ತೆಗೆಯಬೇಕು. ಹಿಂದೆ ಬರುವ ದ್ವಿಚಕ್ರ ಸವಾರರ ದೃಷ್ಟಿಯಿಂದ ಇದು ಕಾರಿಗಿಂತಲೂ ಮುಖ್ಯ.

ಇಷ್ಟಾದರೂ ತಿಳಿಬಣ್ಣದ ಸೀಟಿನ ಮೇಲೆ ಅರಿಶಿನದ ಬೆರಳು ಮೂಡಿಬಿಟ್ಟರೆ ಗಾಬರಿಯಿಂದ ಬ್ಲೀಚ್ ಹಾಕಬೇಡಿ. ತೇವದ ಬಟ್ಟೆಯಿಂದ ಪುಡಿಯನ್ನು ಎತ್ತಿ, ಬಾಗಿಲು ತೆರೆದಿಟ್ಟು ಎಳೆಬಿಸಿಲು ತಾಗುವಂತೆ ಮಾಡಿ. ಅರಿಶಿನದ ಹಳದಿ ಬೆಳಕಿಗೆ ನಿಲ್ಲುವ ಬಣ್ಣವಲ್ಲ, ಕೆಲವು ದಿನಗಳಲ್ಲಿ ತಾನಾಗಿಯೇ ಮಾಸುತ್ತದೆ.